ಡಬ್ಬದಲ್ಲಿ ಇಲ್ಲದ ಚೀಟಿ

ನಾನು ಜನರ ಮುಖ ಮರೆಯುತ್ತೇನೆ, ಕಾಲು ಮರೆಯುವುದಿಲ್ಲ. ಮದುವೆಮನೆಯಲ್ಲಿ ಯಾರಾದರೂ ಎದುರು ನಿಂತು "ಗುರುತು ಸಿಕ್ತಾ ಸಾರ್?" ಎಂದರೆ ನನ್ನ ಕಣ್ಣು ಮೊದಲು ಹೋಗುವುದು ಅವರ ಪಾದಕ್ಕೆ. ಹೆಂಡತಿ ಇದನ್ನು ಕೆಟ್ಟ ಚಾಳಿ ಎನ್ನುತ್ತಾಳೆ. ಇರಬಹುದು. ಆದರೆ ನಾನು ಹುಟ್ಟುತ್ತ ತಂದ ಚಾಳಿ ಇದಲ್ಲ. ಅರಸೀಕೆರೆಯಲ್ಲಿ ಪಾದ್ರಿಗಳು ನಡೆಸುತ್ತಿದ್ದ ಒಂದು ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ಏಳು ವರ್ಷಗಳಲ್ಲಿ ಅಂಟಿಸಿಕೊಂಡದ್ದು.

ಅಲ್ಲಿಗೆ ಸೇರಿದ್ದು ಎಪ್ಪತ್ತರ ದಶಕದ ನಡುವೆ. ನಮ್ಮೂರು ಹಳೇಬೀಡು. ಬಸದಿಗೆ ಹತ್ತಿರದ ಜೈನರ ಮನೆ ನಮ್ಮದು. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದ, ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹಾಕದ ಮನೆ. ಕೆಲಸದ ಕಾಗದ ಬಂದ ದಿನ ಅಮ್ಮ ಸಂತೋಷಪಟ್ಟಳೋ ಗಾಬರಿಯಾದಳೋ ತಿಳಿಯಲಿಲ್ಲ. "ಅಲ್ಲಿ ಪಾದ್ರಿಗಳು ಏನು ಕೊಟ್ರೂ ತಿನ್ಬೇಡ ಕಣೋ. ನಮ್ಮ ಮರ್ಯಾದೆ ಉಳಿಸ್ಕೊಂಡು ಪಾಠ ಹೇಳಿ ಬಾ" ಎಂದಳು. ನಾನು ಅಮ್ಮನಿಗೆ ಹೆದರುವ ಮಗ. ಈಗ ಅವಳಿಲ್ಲ, ಈಗಲೂ ಹೆದರುತ್ತೇನೆ.

ಕಾಲೇಜಿನ ಪ್ರಾಂಶುಪಾಲರು ಮಂಗಳೂರು ಕಡೆಯ ಒಬ್ಬ ಫಾದರ್. ಬಿಳಿ ನಿಲುವಂಗಿಯ ಒಂದು ಜೇಬಿನಲ್ಲಿ ಜಪಮಾಲೆ, ಇನ್ನೊಂದರಲ್ಲಿ ಮೊಳೆ. ಪಾಠ ನಡೆಯುವಾಗ ಮೆಲ್ಲಗೆ ಹಿಂದಿನ ಬಾಗಿಲಿಂದ ಬಂದು ಅಲ್ಲಾಡುವ ಬೆಂಚನ್ನು ಗುರುತು ಮಾಡಿಕೊಂಡು ಹೋಗುತ್ತಿದ್ದರು, ಸಂಜೆ ಸುತ್ತಿಗೆ ಹಿಡಿದು ಬರುತ್ತಿದ್ದರು. ಹುಡುಗಿಯೊಬ್ಬಳು ಮೂರು ದಿನ ಬರಲಿಲ್ಲವೆಂದರೆ ಸೈಕಲ್ ತುಳಿದುಕೊಂಡು ಜಾವಗಲ್ಲಿನವರೆಗೂ ಹೋಗಿ, ಅವಳ ಅಪ್ಪನ ಜೊತೆ ಜಗಲಿಯ ಮೇಲೆ ಕೂತು ತೆಂಗಿನ ಹುಳುವಿನ ಬಗ್ಗೆ ಎರಡು ಗಂಟೆ ಮಾತಾಡಿ, ಎದ್ದು ಹೊರಡುವಾಗ "ನಾಳೆ ಮಗಳು ಬರ್ತಾಳಲ್ಲವಾ ಮಾರಾಯ್ರೆ?" ಎಂದು ಕೇಳುತ್ತಿದ್ದರು. ಹುಡುಗಿ ಮರುದಿನ ಬರುತ್ತಿದ್ದಳು.

ನಾನು ಸೇರಿದ ಹೊಸತರಲ್ಲಿ ಅಧ್ಯಾಪಕರ ಸಭೆ ಸಂಜೆ ಆರಕ್ಕೆ ಶುರುವಾಗಿ ಏಳಕ್ಕೆ ಬೋಂಡದಲ್ಲಿ ಮುಗಿಯುತ್ತಿತ್ತು. ನಾನು ಎರಡು ಸಲ ಬೋಂಡದ ತಟ್ಟೆಯನ್ನು ಪಕ್ಕದವರಿಗೆ ದಾಟಿಸಿದೆ. ಮೂರನೆಯ ಸಭೆಯ ಸೂಚನೆ ಬಂದಾಗ ಸಮಯ ನಾಲ್ಕು ಗಂಟೆ ಎಂದಿತ್ತು. ಯಾಕೆ ಎಂದು ಫಾದರ್ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೋಂಡ ಚೆನ್ನಾಗಿತ್ತು. ಅಮ್ಮನಿಗೆ ಮಾತ್ರ ಹೇಳಲಿಲ್ಲ.

ಈಗ ಕಾಲಿನ ವಿಷಯ. ಯೇಸುಸ್ವಾಮಿ ಶಿಲುಬೆಗೇರುವ ಹಿಂದಿನ ದಿನ ತನ್ನ ಹನ್ನೆರಡು ಮಂದಿ ಶಿಷ್ಯರ ಕಾಲು ತೊಳೆದನಂತೆ. ಅದರ ನೆನಪಿಗೆ ಇಗರ್ಜಿಗಳಲ್ಲಿ ಪವಿತ್ರ ಗುರುವಾರ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ನಮ್ಮ ಫಾದರಿಗೆ ಅಷ್ಟು ಸಾಲಲಿಲ್ಲ. ಇಗರ್ಜಿಯದು ಇಗರ್ಜಿಗೆ, ನನ್ನದು ಕಾಲೇಜಿಗೆ ಎಂದು ಹಿಂದಿನ ದಿನ, ಅಂದರೆ ಬುಧವಾರ ಮಧ್ಯಾಹ್ನ, ಕಾಲೇಜಿನ ಮೊಗಸಾಲೆಯಲ್ಲಿ ತಾವೇ ಒಂದು ಪದ್ಧತಿ ಶುರುಮಾಡಿದ್ದರು. ಮೇಷ್ಟ್ರುಗಳು, ಗುಮಾಸ್ತರು, ಅಟೆಂಡರು, ಕಸ ಗುಡಿಸುವವರು ಎಲ್ಲ ಸೇರಿ ನಾವು ಮೂವತ್ತೊಂದು ಜನ. ಎಲ್ಲರ ಹೆಸರು ಚೀಟಿಯಲ್ಲಿ ಬರೆದು ಸೀಮೆಸುಣ್ಣದ ಡಬ್ಬದಲ್ಲಿ ಹಾಕುವುದು. ಹನ್ನೆರಡು ಚೀಟಿ ಎತ್ತುವುದು. ಯಾರ ಹೆಸರು ಬಂತೋ ಅವರು ಬೆಂಚಿನ ಮೇಲೆ ಕೂತು ಕಾಲು ಚಾಚುವುದು, ಪ್ರಾಂಶುಪಾಲರು ನೆಲಕ್ಕೆ ಮಂಡಿಯೂರಿ ತೊಳೆದು ಟವೆಲಿನಿಂದ ಒರೆಸುವುದು. ಜಾತಿ ಮತ ಹುದ್ದೆ ಯಾವುದೂ ಇಲ್ಲ.

ಹೇಳುವುದು ಸುಲಭ. ನಿಮ್ಮ ಮೇಲಧಿಕಾರಿ ನಿಮ್ಮ ಕಾಲಬೆರಳ ಸಂದು ನೋಡುತ್ತಾರೆ ಎಂದರೆ ನೀವೇನು ಮಾಡುತ್ತೀರಿ? ಮಂಗಳವಾರ ಸಂಜೆ ಅರಸೀಕೆರೆಯ ಬಚ್ಚಲುಮನೆಗಳಲ್ಲಿ ನಮ್ಮ ಸಿಬ್ಬಂದಿಯೆಲ್ಲ ಕಲ್ಲು ಹಿಡಿದು ಹಿಮ್ಮಡಿ ಉಜ್ಜುತ್ತ ಕೂತಿರುತ್ತಿದ್ದರು. ಗಣಿತದ ಮೇಷ್ಟ್ರು ವಾರದ ಮುಂಚಿನಿಂದಲೇ ತುಪ್ಪ ಸವರುತ್ತಿದ್ದರು. ಬುಧವಾರ ಕಾಲೇಜಿಗೆ ಬರುತ್ತಿದ್ದಂಥ ಚೊಕ್ಕ ಕಾಲುಗಳನ್ನು ನಾನು ಮದುವೆಯ ಹಸೆಮಣೆಯ ಮೇಲೂ ಕಂಡಿಲ್ಲ. ಒಂದು ವರ್ಷ ಫಾದರ್ ಬೇಸತ್ತು, "ತೊಳೆದ ಕಾಲನ್ನು ನಾನು ಇನ್ನೆಂತ ತೊಳೆಯುವುದು ಮಾರಾಯ್ರೆ? ಮುಂದಿನ ಸಲ ಸ್ವಲ್ಪ ಮಣ್ಣಾದರೂ ಮಾಡಿಕೊಂಡು ಬನ್ನಿ" ಎಂದು ಬೇಡಿಕೊಂಡರು. ಯಾರೂ ಮಣ್ಣು ಮಾಡಿಕೊಳ್ಳಲಿಲ್ಲ.

ನನ್ನ ಅಕ್ಷರ ದುಂಡಗಿದೆಯೆಂದು ಚೀಟಿ ಬರೆಯುವ ಕೆಲಸ ಸೇರಿದ ವರ್ಷವೇ ನನ್ನ ತಲೆಗೆ ಬಿತ್ತು. ಹಳೆಯ ಉತ್ತರಪತ್ರಿಕೆಯ ಖಾಲಿ ಹಾಳೆಯಿಂದ ಮೂವತ್ತೊಂದು ತುಂಡು ಕತ್ತರಿಸಿ ಕೊಡುತ್ತಿದ್ದವರು ನಮ್ಮ ಗಂಟೆಯಣ್ಣ. ಕಾಲೇಜಿನ ಗಂಟೆ ಹೊಡೆಯುತ್ತಿದ್ದ ಅಟೆಂಡರ್ ಅವರು. ಐವತ್ತು ದಾಟಿದ, ತಲೆಗೆ ಬಿಳಿ ಟೋಪಿ, ಹಣೆಯ ಮೇಲೆ ಮೂರು ಪಟ್ಟೆ ವಿಭೂತಿಯ ಮನುಷ್ಯ. ದಿನಾ ಬಾಣಾವರದಿಂದ ಬೆಳಗಿನ ಮೊದಲ ಪ್ಯಾಸೆಂಜರ್ ರೈಲಿಗೆ ಬರುತ್ತಿದ್ದರು. ಎರಡನೆಯ ರೈಲಿಗೆ ಬಂದರೂ ಸಾಕಿತ್ತು, ಆದರೆ ರೈಲನ್ನು ನಂಬಿ ಗಂಟೆ ಹೊಡೆಯಲಾಗದು ಎನ್ನುವುದು ಅವರ ವಾದ. ಹೊಂಗೆಮರಕ್ಕೆ ತೂಗುಹಾಕಿದ ರೈಲುಕಂಬಿಯ ತುಂಡೇ ನಮ್ಮ ಗಂಟೆ. ಎದುರಿನ ಕೊಬ್ಬರಿ ಮಂಡಿಯವರು ಆ ಸದ್ದಿಗೆ ತಮ್ಮ ಗಡಿಯಾರ ತಿದ್ದಿಕೊಳ್ಳುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಅವರು ಒಂದು ನಿಮಿಷ ಹೆಚ್ಚುಕಡಿಮೆ ಮಾಡಿದವರಲ್ಲ.

ಮೊದಲನೆಯ ವರ್ಷ ತುಂಡುಗಳನ್ನು ಮೇಜಿನ ಮೇಲಿಟ್ಟು ಅವರು ಹೋಗಲಿಲ್ಲ. ಬಾಗಿಲು ಸರಿಸಿ ಹತ್ತಿರ ಬಂದರು.

"ಮೇಷ್ಟ್ರೇ, ನಂದೊಂದು ಚೀಟಿ ಬಿಟ್ಟಾಕಿ."

"ಯಾಕಣ್ಣಾ?"

"ನಮ್ಮನೆಗೆ ಅಯ್ಯನೋರು ಬಂದ್ರೆ ಅವರ ಪಾದ ನಾವು ತೊಳೀತೀವಿ. ಆ ನೀರ ಕಣ್ಣಿಗೊತ್ಕಂತೀವಿ. ಇದೇನ್ರೀ ಇದು, ಸ್ವಾಮ್ಯೋರೇ ಕೂತ್ಕಂಡು ನನ್ನ ಕಾಲ ತೊಳೆಯಾದು? ನನ್ನ ಕೈಲಿ ಆಗಾಕಿಲ್ಲ. ಆ ಪಾಪ ನನ್ನ ಮಕ್ಕಳು ಮರೀಗೆ ಸುತ್ಕಂತದೆ."

ಆ ಮುಖ ನೋಡಿ ನಾನು ತಮಾಷೆ ಮಾಡಲಿಲ್ಲ. ಚೀಟಿ ಬರೆಯದೆ ಬಿಟ್ಟೆ. ಮರುವರ್ಷವೂ ಬಿಟ್ಟೆ. ಆರು ವರ್ಷ ಬಿಟ್ಟೆ. ಮೂರು ಮೂರು ಸಲ ಕಾಲು ತೊಳೆಸಿಕೊಂಡವರಿದ್ದರು, ಗಂಟೆಯಣ್ಣನ ಹೆಸರು ಒಮ್ಮೆಯೂ ಬರಲಿಲ್ಲ. ಅವರು ಬುಧವಾರ ಮಧ್ಯಾಹ್ನ ನೀರಿನ ಬಕೆಟ್ ಹೊತ್ತು ಓಡಾಡುತ್ತ, ನನ್ನ ಕಡೆ ನೋಡಿ ಮೀಸೆಯೊಳಗೆ ನಗುತ್ತಿದ್ದರು. ನನ್ನ ಸ್ವಂತ ಚೀಟಿಯ ಮಾತು ಈಗ ಬೇಡ.

ಏಳನೆಯ ವರ್ಷ, ಎಂಬತ್ತರ ದಶಕ ಆಗಷ್ಟೇ ಕಾಲಿಟ್ಟಿತ್ತು, ಫಾದರಿಗೆ ವರ್ಗವಾಯಿತು. ಬೇಸಿಗೆ ರಜೆ ಮುಗಿಯುವುದರೊಳಗೆ ಹೊರಡಬೇಕು. ಅಧ್ಯಾಪಕರ ಕೊಠಡಿಗೆ ಬಂದು ಅವರೇ ಹೇಳಿದರು. ಅವರು ಕಿಟಕಿಯಿಂದ ಹೊಂಗೆಮರದ ಕಡೆ ನೋಡುತ್ತ, "ಇಷ್ಟು ವರ್ಷದಲ್ಲಿ ಬಹಳ ಕಾಲು ತೊಳೆದೆ. ಒಂದೆರಡು ಜೋಡಿ ಬಾಕಿ. ನಮಗೆಲ್ಲ ಹೊತ್ತು ತಿಳಿಸುವ ಆ ಮನುಷ್ಯನ ಕಾಲು ಒಮ್ಮೆಯೂ ಸಿಗಲಿಲ್ಲ ನೋಡಿ. ಅದೊಂದು ಸಿಕ್ಕಿದರೆ ಸಮಾಧಾನದಲ್ಲಿ ಹೋಗುತ್ತಿದ್ದೆ" ಎಂದರು. ಅಷ್ಟು ವರ್ಷದಲ್ಲಿ ಫಾದರ್ ತಮಗಾಗಿ ಏನನ್ನಾದರೂ ಬಯಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಒಬ್ಬರಿಗೆ ಉಪಕಾರ ಮಾಡಲು ಹೋಗಿ ಇನ್ನೊಬ್ಬರಿಗೆ ಆರು ವರ್ಷ ಮೋಸ ಮಾಡಿದ್ದೆ.

ಮೋಸಗಾರ ಪ್ರಾಯಶ್ಚಿತ್ತಕ್ಕೆ ಹೊರಟರೆ ಇನ್ನಷ್ಟು ಮೋಸವನ್ನೇ ಮಾಡುತ್ತಾನೆ. ಗಂಟೆಯಣ್ಣನ ಹೆಸರಿನ ಒಂದು ಚೀಟಿ ಹಾಕಿದರೆ ಬರುತ್ತದೆಂದು ಏನು ನೆಚ್ಚಿಕೆ? ಹತ್ತು ಚೀಟಿ ಬರೆದೆ. ದುಂಡಗಿನ ಅಕ್ಷರದಲ್ಲಿ, ಹತ್ತು ಸಲ, ಅದೇ ಹೆಸರು.

ಬುಧವಾರ ಮೂರು ಗಂಟೆಗೆ ಎಲ್ಲ ಸೇರಿದೆವು. ಫಾದರ್ ಡಬ್ಬಕ್ಕೆ ಕೈ ಹಾಕಿ ಮೊದಲ ಚೀಟಿ ತೆಗೆದು ಓದಿದರು. ಗಂಟೆಯಣ್ಣ. ಫಾದರ್ ಮುಖ ಅರಳಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಕೆಟ್ ಹಿಡಿದು ನಿಂತಿದ್ದ ಗಂಟೆಯಣ್ಣ ನನ್ನನ್ನು ನೋಡಿದ ನೋಟ ಹೇಳತೀರದು. ಎರಡನೆಯ ಚೀಟಿ. ಫಾದರ್ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಗಂಟೆಯಣ್ಣ. ಮೂರನೆಯದು. ಈ ಸಲ ಬಾಯಿಬಿಟ್ಟು ಓದಲಿಲ್ಲ. ಮೂರೂ ಚೀಟಿಗಳನ್ನು ಮಡಿಸಿ ಮೊಳೆಯ ಜೇಬಿಗೆ ಹಾಕಿಕೊಂಡು ನನ್ನತ್ತ ತಿರುಗಿ, "ಈ ವರ್ಷ ದೇವರಿಗೆ ಒಬ್ಬರ ಮೇಲೆಯೇ ಬಹಳ ಪ್ರೀತಿ ಬಂದಹಾಗೆ ಕಾಣುತ್ತದೆ" ಎಂದರು. ಇಡೀ ಮೊಗಸಾಲೆ ನಕ್ಕಿತು. ನಾನು ನನ್ನ ಚೊಕ್ಕ ಕಾಲುಗಳನ್ನು ನೋಡುತ್ತ ನಿಂತೆ.

ಅಷ್ಟರಲ್ಲಿ ಹೊರಗೆ ಗಂಟೆ ಬಾರಿಸಿತು. ಢಣಢಣ ಢಣಢಣ ಎಂದು, ಕಾಲೇಜು ಬಿಡುವ ಉದ್ದನೆಯ ಗಂಟೆ! ಗಡಿಯಾರದಲ್ಲಿ ಮೂರು ಹತ್ತು. ನಾಲ್ಕೂವರೆಗೆ ಹೊಡೆಯಬೇಕಾದದ್ದು. ಮೇಷ್ಟ್ರಿಲ್ಲದ ತರಗತಿಗಳಲ್ಲಿ ಓದಿಕೊಳ್ಳುತ್ತಿದ್ದ ಹುಡುಗರೆಲ್ಲ ಹೋ ಎಂದು ಹೊರಗೆ ನುಗ್ಗಿದರು. ಆ ಗದ್ದಲದ ಮಧ್ಯೆ ಬಿಳಿ ಟೋಪಿಯೊಂದು ಗೇಟು ದಾಟಿ ರೈಲ್ವೆ ಸ್ಟೇಷನ್ ಕಡೆ ಓಡಿದ್ದನ್ನು ನಾನು ಕಂಡೆ. ಎದುರಿನ ಮಂಡಿಯಲ್ಲಿ ಯಾರೋ ಗಡಿಯಾರ ತಿದ್ದಿಕೊಂಡರಂತೆ.

ಅವತ್ತು ಬೇರೆ ಹನ್ನೊಂದು ಜನರ ಕಾಲು ತೊಳೆದದ್ದಾಯಿತು. ಹನ್ನೆರಡನೆಯ ಜಾಗ ಖಾಲಿ. ಫಾದರ್ ಒಣ ಟವೆಲನ್ನು ಹಾಗೆಯೇ ಮಡಿಸಿಟ್ಟರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಈಸ್ಟರ್ ಕಳೆದ ಸೋಮವಾರ ಸಿಬ್ಬಂದಿಯೆಲ್ಲ ಒಟ್ಟಿಗೆ ಎಲ್ಲಿಗಾದರೂ ಹೋಗಿಬರುವುದು ರೂಢಿ. ಆ ವರ್ಷ ಬೀಳ್ಕೊಡುಗೆಯೂ ಆಗಲಿ ಎಂದು ಬೇಲೂರು, ಹಳೇಬೀಡು ಗೊತ್ತಾಗಿತ್ತು. ಊಟ ನಮ್ಮ ಮನೆಯಲ್ಲಿ. ಇಷ್ಟು ವರ್ಷ ಬೋಂಡ ತಿಂದ ಋಣ, ಕರೆಯದೆ ಇರಲಾಗಲಿಲ್ಲ. ಅಮ್ಮ ಮೊದಲು ಮುಖ ಗಂಟಿಕ್ಕಿ, ಆಮೇಲೆ "ಎಷ್ಟು ಜನ?" ಎಂದು ಕೇಳಿದಳು. ಹೋಳಿಗೆಗೆ ಬೇಳೆ ಅಳೆಯಲು ಶುರುಮಾಡಿದಳೆಂದರೆ ಒಪ್ಪಿದಳೆಂದೇ ಅರ್ಥ. ಷರತ್ತು ಎರಡು. ಕಾಲು ತೊಳೆಯದೆ ಯಾರೂ ಹೊಸಿಲು ದಾಟಕೂಡದು. ಹೊತ್ತು ಮುಳುಗಿದ ಮೇಲೆ ಎಲೆ ಹಾಕುವುದಿಲ್ಲ. ಮಧ್ಯಾಹ್ನ ಒಂದು ಗಂಟೆಗೆಲ್ಲ ಬರುತ್ತೇವಮ್ಮಾ ಎಂದು ನಾನು ನಕ್ಕೆ.

ಗಂಟೆಯಣ್ಣ ಬಂದರು. ಬಸ್ಸಿನ ಕೊನೆಯ ಸೀಟಿನಲ್ಲಿ, ಫಾದರಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಕೂತರು. ನಾನು ಪಕ್ಕದಲ್ಲಿ ಕೂತೆ.

"ಆಮ್ಯಾಕೆ ಎಣಿಸಿದ್ರಂತೆ. ಹತ್ತು ಚೀಟಿನಾ ಮೇಷ್ಟ್ರೇ?"

"ತಪ್ಪಾಯ್ತಣ್ಣಾ."

"ನೀವು ಮಾಡಿದ್ದು ಬುಡ್ರೀ, ನಾನು ಮಾಡಿದ್ದು ನೋಡಿ. ಇಪ್ಪತ್ತು ವರ್ಷದಾಗೆ ಒಂದ್ ದಿನ ಗಂಟೆ ತಪ್ಪಿರ್ನಿಲ್ಲ. ಆ ಕಂಬಿ ಮುಟ್ಟಾಕೂ ನಾಚ್ಕೆ ಆಯ್ತದೆ." ಅವರು ಕಿಟಕಿಯಾಚೆ ಮುಖ ತಿರುಗಿಸಿದರು.

ಬೇಲೂರಿನಲ್ಲಿ ನಮ್ಮ ಇತಿಹಾಸದ ಮೇಷ್ಟ್ರು ನಮ್ಮ ಕೈ ಬಿಡಲಿಲ್ಲ. ಪಾಠ ಹೇಳಲು ಹುಟ್ಟಿದ ಮನುಷ್ಯ. ಬೆತ್ತ ಹಿಡಿದು ಒಂದೊಂದು ಮದನಿಕೆಯ ಕೆಳಗೂ ನಿಲ್ಲಿಸಿ ಒಂದೊಂದು ಪೀರಿಯಡ್ ತೆಗೆದುಕೊಂಡರು. ಮಧ್ಯೆ ಗುಮಾಸ್ತರನ್ನು ಎಬ್ಬಿಸಿ ಪ್ರಶ್ನೆ ಬೇರೆ. ಏಪ್ರಿಲ್ ತಿಂಗಳ ಬಿಸಿಲು, ಕಲ್ಲಿನ ಅಂಗಳ ಕಾದ ಕಾವಲಿ. ನಾವು ಹಳ್ಳಿಯ ಕಾಲಿನವರು ಹೇಗೋ ತಡೆದೆವು. ಜೀವಮಾನವೆಲ್ಲ ಬೂಟಿನೊಳಗಿದ್ದ ಫಾದರ್ ಪಾದ ತಡೆಯಲಿಲ್ಲ. ಕಾಲುಚೀಲ ಹರಿದಿತ್ತೆಂದು ಅದನ್ನೂ ಬಿಚ್ಚಿಟ್ಟಿದ್ದರು. ನಿಲುವಂಗಿ ಎತ್ತಿಕೊಂಡು ಒಂದು ನೆರಳಿನಿಂದ ಇನ್ನೊಂದು ನೆರಳಿಗೆ ಕುಣಿದುಕೊಂಡು ಹೋಗುವುದನ್ನು ನೋಡಿ ನಾವು ನಕ್ಕಿದ್ದೇ ನಕ್ಕಿದ್ದು. ಅವರೂ ನಕ್ಕರು, ಆದರೆ ಪಾಠದ ಮಧ್ಯೆ ಎದ್ದು ಹೋಗಲಿಲ್ಲ. ಮೇಷ್ಟ್ರಿಗೆ ಬೇಸರವಾದೀತು ಎಂದು. ಗಂಟೆಯಣ್ಣ ಮಾತ್ರ ನಗದೆ ಆ ಕಾಲುಗಳನ್ನೇ ನೋಡುತ್ತಿದ್ದರು.

ಒಂದು ಬಸ್ಸು ತಪ್ಪಿತು. ಇನ್ನೊಂದು ತಪ್ಪಿತು. ಮೂರನೆಯದರಲ್ಲಿ ನಿಂತುಕೊಂಡು ಹಳೇಬೀಡು ಮುಟ್ಟಿದಾಗ ಆರಕ್ಕೆ ಹತ್ತು ನಿಮಿಷ. ಹಸಿವಿನಿಂದ ಇತಿಹಾಸದ ಮೇಷ್ಟ್ರೂ ಮೌನವಾಗಿದ್ದರು.

ಅಮ್ಮ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಜಗಲಿಯ ಪಕ್ಕ ನೀರು ತುಂಬಿದ ಕೊಳಗ, ಒಂದೇ ಒಂದು ತಂಬಿಗೆ. ಅವಳು ಆಕಾಶ ನೋಡಿದಳು, ನನ್ನನ್ನು ನೋಡಿದಳು. "ಇನ್ನರ್ಧ ಗಂಟೆ ಐತೆ. ಆಮೇಲೆ ಹೋಳಿಗೆ ಎಲ್ಲ ಹಸುವಿಗೆ. ಬೇಗ ಬೇಗ ಕಾಲು ತೊಳ್ಕೊಂಡು ಬನ್ರಪ್ಪಾ" ಎಂದಳು.

ಯಾರೂ ಹೇಳದೆಯೇ ಗಂಟೆಯಣ್ಣ ತಂಬಿಗೆ ಕೈಗೆತ್ತಿಕೊಂಡರು. ಬಗ್ಗಿ ಎಲ್ಲರ ಕಾಲಿಗೂ ನೀರು ಹೊಯ್ಯತೊಡಗಿದರು. ಅದು ಅವರ ಸ್ವಭಾವ. ಒಬ್ಬೊಬ್ಬರೇ ಕಾಲುಜ್ಜಿಕೊಂಡು ಒಳಗೆ ಹೋಗಿ ಎಲೆಯ ಮುಂದೆ ಕೂತರು. ಸಾಲಿನ ಕೊನೆಯಲ್ಲಿ ಫಾದರ್ ಬಂದರು. ಬೂಟು ಬಿಚ್ಚಿದರೆ ಅಂಗಾಲಿನಲ್ಲಿ ಎರಡು ಬೊಬ್ಬೆ ಎದ್ದಿದ್ದವು. ಗಂಟೆಯಣ್ಣ ಬರೀ ನೀರು ಹೊಯ್ಯಲಿಲ್ಲ. ನೆಲಕ್ಕೆ ಕುಕ್ಕರಿಸಿ, ಆ ಪಾದಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು, ಬೊಬ್ಬೆಗೆ ತಾಗದಂತೆ ಮೆಲ್ಲಗೆ ತೊಳೆದರು. ಕೊನೆಯಲ್ಲಿ ಒದ್ದೆ ಬೆರಳುಗಳನ್ನು ಕಣ್ಣಿಗೊತ್ತಿಕೊಂಡರು. ಫಾದರ್ ಬೇಡವೆನ್ನಲಿಲ್ಲ. ಕಾಲು ಕೊಟ್ಟು ಸುಮ್ಮನೆ ನಿಂತರು.

ಆಮೇಲೆ ಕೈ ಚಾಚಿದರು. "ತಂಬಿಗೆ ಕೊಡಿ ಮಾರಾಯ್ರೆ."

ಗಂಟೆಯಣ್ಣ ತಂಬಿಗೆಯನ್ನು ಎದೆಗವಚಿಕೊಂಡರು. ಜಗಲಿಯ ಕೆಳಗೆ ಉಳಿದಿದ್ದವರು ಅವರು, ಫಾದರ್ ಮತ್ತು ನಾನು. ಒಳಗೆ ಇಪ್ಪತ್ತೊಂಬತ್ತು ಜನ ಎಲೆಯ ಮುಂದೆ ಕೈಕಟ್ಟಿ ಕೂತು ನಮ್ಮನ್ನೇ ನೋಡುತ್ತಿದ್ದರು. ಎಲ್ಲರೂ ಬರದೆ ಬಡಿಸುವುದು ನಮ್ಮ ಮನೆಯಲ್ಲಿಲ್ಲ. ಬಿಸಿಲು ಜಗಲಿ ಬಿಟ್ಟು ಎದುರುಮನೆಯ ಹೆಂಚಿನ ಮೇಲೆ ಹತ್ತಿತ್ತು.

"ಸ್ವಾಮ್ಯೋರೇ, ಬ್ಯಾಡಿ" ಎಂದರು ಗಂಟೆಯಣ್ಣ.

"ನೀವು ನನ್ನದು ತೊಳೆದಿರಿ, ನಾನು ಬೇಡ ಅಂದೆನಾ? ನನಗೂ ನಾಚಿಕೆ ಆಯಿತು. ಆದರೂ ಕಾಲು ಕೊಟ್ಟೆ." ಫಾದರ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. "ಮುಂದಿನ ತಿಂಗಳು ನಾನು ಇರುವುದಿಲ್ಲ."

ಗಂಟೆಯಣ್ಣ ಬಹಳ ಹೊತ್ತು ನೆಲ ನೋಡಿದರು. ಬಹಳ ಹೊತ್ತು ಅಂದರೆ ಅರ್ಧ ನಿಮಿಷವಿದ್ದೀತು, ಒಳಗೆ ಕೂತವರಿಗೆ ಒಂದು ವರ್ಷ. ಆಮೇಲೆ ಹೇಳಿದರು: "ನಿಮ್ಮದು ಮೊದಲು ತೊಳೆದಾಯ್ತಲ್ಲ, ಇನ್ನು ಪಾಪ ತಟ್ಟಾಕಿಲ್ಲ ಅನ್ನುಸ್ತದೆ. ಮೇಲಾಗಿ ಗಂಟೆ ತಪ್ಪಿ ಹೊಡೆದಿದ್ದೀನಿ. ಶಿಕ್ಷೆ ಅಂತ ತಿಳ್ಕಂತೀನಿ. ತೊಳೀರಿ."

ಜಗಲಿಯ ಅಂಚಿನಲ್ಲಿ ಕೂತು ಕಾಲು ಚಾಚಿದರು. ಅವು ಯಾರೂ ಕಲ್ಲಿನಿಂದ ಉಜ್ಜಿ ಸಿದ್ಧಮಾಡಿದ ಕಾಲುಗಳಲ್ಲ. ಹಿಮ್ಮಡಿಯ ಬಿರುಕುಗಳಲ್ಲಿ ಬೇಲೂರಿನ ದೂಳು, ಬಾಣಾವರದ ಕೆಮ್ಮಣ್ಣು ಎಲ್ಲವೂ ಇತ್ತು. ಫಾದರ್ ಮಂಡಿಯೂರಿದರು. ಅಷ್ಟು ಕೊಳೆ ಕಂಡು ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಬೇರೆ ನೋಡಿಲ್ಲ. ಟವೆಲ್ ಇರಲಿಲ್ಲ, ನಿಲುವಂಗಿಯ ಅಂಚಿನಿಂದಲೇ ಒರೆಸಿದರು. ಗಂಟೆಯಣ್ಣ ಕಣ್ಣು ಮುಚ್ಚಿಕೊಂಡಿದ್ದರು, ರೆಪ್ಪೆ ಒದ್ದೆಯಾಗಿತ್ತು. ಕಣ್ಣು ಬಿಟ್ಟವರೇ ನನ್ನತ್ತ ಬೆರಳು ತೋರಿಸಿದರು.

"ಸ್ವಾಮ್ಯೋರೇ, ಇವರದೂ ಮುಗಿಸ್ಬುಡಿ. ನಾನು ವರ್ಷಾ ಮೂವತ್ತೊಂದು ತುಂಡು ಕತ್ತರಿಸಿ ಕೊಡ್ತಿದ್ದೆ. ನಾನು ಬಿಡಿ ಅಂದಿದ್ದು ನಂದೊಂದೇ. ಇವರ ಮೇಜಿನ ಮ್ಯಾಗೆ ಖಾಲಿ ತುಂಡು ಎರಡು ಉಳೀತಿದ್ವು."

ಹೌದು. ಏಳು ವರ್ಷವೂ ನಾನು ನನ್ನ ಹೆಸರು ಬರೆಯಲಿಲ್ಲ. ಗಂಟೆಯಣ್ಣನದಾದರೂ ಭಕ್ತಿ. ನನ್ನದು ಬರೀ ಹೆದರಿಕೆ. ಪಾದ್ರಿಯೊಬ್ಬರು ನನ್ನ ಕಾಲು ತೊಳೆದರಂತೆ ಎಂಬ ಸುದ್ದಿ ಹಳೇಬೀಡಿಗೆ ತಲುಪಿದರೆ ಅಮ್ಮ ಏನೆಂದಾಳು ಎಂದು. ಮಂಗಳವಾರ ಎಲ್ಲರ ಹಾಗೆ ನಾನೂ ಕಾಲುಜ್ಜಿಕೊಳ್ಳುತ್ತಿದ್ದೆ, ಬರಿಯ ನಾಟಕಕ್ಕೆ.

"ಗೊತ್ತು" ಎಂದರು ಫಾದರ್ ತಂಬಿಗೆಯನ್ನು ಕೊಳಗದಲ್ಲಿ ಅದ್ದುತ್ತ. "ಒಂದೆರಡು ಜೋಡಿ ಅಂದಿದ್ದೆನಲ್ಲ."

ನಾನು ಅಮ್ಮನ ಕಡೆ ನೋಡಿದೆ. ಅವಳು ಹೊಸಿಲಿನ ಮೇಲೆ ನಿಂತು ಎಲ್ಲವನ್ನೂ ನೋಡಿದ್ದಳು. ಮಂಡಿಯೂರಿದ ಆ ಮುದುಕರನ್ನು, ಅವರ ಒದ್ದೆ ನಿಲುವಂಗಿಯನ್ನು, ಬೊಬ್ಬೆ ಎದ್ದ ಅಂಗಾಲುಗಳನ್ನು. ಏಳು ವರ್ಷ ನಾನು ಹೆದರಿದ್ದ ಮುಖ ಅದೇ. ಆ ಮುಖ ಕೆಂಪಾಗಿತ್ತು. ಆದರೆ ಬೈದದ್ದು ಅವರನ್ನಲ್ಲ.

"ಏನೋ ನಿಂತ್ಕೊಂಡು ನೋಡ್ತಿದ್ದೀಯಾ? ದೊಡ್ಡೋರು ನೆಲಕ್ಕೆ ಕೂತವ್ರೆ, ಅವರ ಮಂಡಿ ನೋಯಲ್ವೇನೋ? ಹೊತ್ತು ಮುಳುಗ್ತಾ ಐತೆ. ಕಾಲು ಚಾಚು."

ಚಾಚಿದೆ. ನೀರು ತಣ್ಣಗಿತ್ತು. ನನಗೆ ಅಳು ಬಂತು, ಅದನ್ನು ಮುಚ್ಚಲು ನಗಲು ಹೋದೆ, ಎರಡೂ ಸರಿಯಾಗಿ ಆಗಲಿಲ್ಲ. ಸೂರ್ಯ ಇನ್ನೂ ಒಂದು ಗೇಣು ಮೇಲಿದ್ದ. ಅಮ್ಮ ಮೊದಲ ಹೋಳಿಗೆಯನ್ನು ಫಾದರ್ ಎಲೆಗೆ ಬಡಿಸಿದಳು, ಎರಡನೆಯದನ್ನು ಗಂಟೆಯಣ್ಣನ ಎಲೆಗೆ. ನನ್ನ ಎಲೆಗೆ ಬರುವ ಹೊತ್ತಿಗೆ ತುಪ್ಪ ಮುಗಿದಿತ್ತು.